ಹುಬ್ಬಳ್ಳಿಯಿಂದ ಮೈಸೂರಿಗೆ: ದೂರ 388, ಸಮಯ ಎಷ್ಟು?

ಎರಡು ವಿಮಾನ ನಿಲ್ದಾಣಗಳ ಹೆಸರು ಕೊಟ್ಟರೆ ಸಾಕು, ದೂರ ಇಷ್ಟು, ಹಾರಾಟದ ಸಮಯ ಇಷ್ಟು ಅಂತ ಕ್ಷಣದಲ್ಲಿ ಹೇಳಿಬಿಡುವ ಪುಟಗಳು ಅಂತರ್ಜಾಲದಲ್ಲಿ ಬೇಕಾದಷ್ಟಿವೆ. ಹುಬ್ಬಳ್ಳಿ–ಮೈಸೂರು ಅಂತ ಹಾಕಿದರೆ ಸುಮಾರು 388 ಕಿ.ಮೀ., ಸುಮಾರು ಒಂದು ಗಂಟೆ ಎಂಬ ಉತ್ತರ ಬರುತ್ತದೆ. ಸರಿ, 388 ಹೇಗೆ ಬಂತು? ಆ ಒಂದು ಗಂಟೆ ಹೇಗೆ ಬಂತು? ಮೊದಲನೆಯದಕ್ಕೆ ಪಿಯುಸಿಯ ತ್ರಿಕೋನಮಿತಿ ಸಾಕು. ಎರಡನೆಯದು ಅಷ್ಟು ಸಲೀಸಲ್ಲ, ಮಜಾ ಇರೋದೂ ಅಲ್ಲೇ.

ಬೆಂಗಳೂರನ್ನು ಬಿಟ್ಟು ಈ ಎರಡು ಊರುಗಳನ್ನೇ ಆರಿಸಿಕೊಳ್ಳಲು ಕಾರಣವಿದೆ. ಎರಡೂ ಸಣ್ಣ ನಿಲ್ದಾಣಗಳು. ಉತ್ತರ ಕರ್ನಾಟಕದವರಿಗೂ ಹಳೇ ಮೈಸೂರಿನವರಿಗೂ ಇದು ರಾತ್ರಿ ರೈಲು ಹತ್ತಿ ಬೆಳಿಗ್ಗೆ ಇಳಿಯುವ ದೂರ. ಇಂಥ ಸಣ್ಣ ಮಾರ್ಗಗಳಲ್ಲಿ ವಿಮಾನ ಒಂದು ಋತುವಿನಲ್ಲಿ ಬರುತ್ತದೆ, ಇನ್ನೊಂದರಲ್ಲಿ ಹೋಗುತ್ತದೆ. ಅದಕ್ಕೇ ವೇಳಾಪಟ್ಟಿಯನ್ನು ಪಕ್ಕಕ್ಕಿಟ್ಟು ನಾವೇ ಲೆಕ್ಕ ಹಾಕೋಣ. ಕ್ಯಾಲ್ಕುಲೇಟರ್ ತೆಗೆದುಕೊಳ್ಳಿ, ಡಿಗ್ರಿ ಮೋಡ್‌ನಲ್ಲಿದೆಯಾ ನೋಡಿಕೊಳ್ಳಿ.

ದೂರದ ಲೆಕ್ಕ

ಹುಬ್ಬಳ್ಳಿ ವಿಮಾನ ನಿಲ್ದಾಣ ಇರುವುದು 15.36 ಡಿಗ್ರಿ ಉತ್ತರ ಅಕ್ಷಾಂಶ, 75.08 ಡಿಗ್ರಿ ಪೂರ್ವ ರೇಖಾಂಶದಲ್ಲಿ. ಮೈಸೂರಿನದು, ಅಂದರೆ ಮಂಡಕಳ್ಳಿಯದು, 12.23 ಉತ್ತರ, 76.66 ಪೂರ್ವ. ಅಕ್ಷಾಂಶದ ವ್ಯತ್ಯಾಸ 3.13 ಡಿಗ್ರಿ, ರೇಖಾಂಶದ್ದು 1.58 ಡಿಗ್ರಿ.

ಗೋಳದ ಮೇಲೆ ಎರಡು ಬಿಂದುಗಳ ನಡುವಿನ ಅತಿ ಹತ್ತಿರದ ದಾರಿ ಮಹಾವೃತ್ತದ ಒಂದು ಕಂಸ. ಅದರ ಉದ್ದಕ್ಕೆ ಹಾವರ್‌ಸೈನ್ ಸೂತ್ರವಿದೆ. ಮೊದಲು 'ಅ' ಎಂಬ ಸಂಖ್ಯೆ ಕಂಡುಹಿಡಿಯಬೇಕು:

ಅ = ಸೈನ್²(ಅಕ್ಷಾಂಶ ವ್ಯತ್ಯಾಸದ ಅರ್ಧ) + ಕಾಸ್(ಮೊದಲ ಅಕ್ಷಾಂಶ) × ಕಾಸ್(ಎರಡನೇ ಅಕ್ಷಾಂಶ) × ಸೈನ್²(ರೇಖಾಂಶ ವ್ಯತ್ಯಾಸದ ಅರ್ಧ)

ನಮ್ಮ ಅಂಕಿ ಹಾಕಿದರೆ ಮೊದಲ ಪದ ಸೈನ್²(1.565°) = 0.000746. ಎರಡನೆಯದು 0.9643 × 0.9773 × ಸೈನ್²(0.79°) = 0.000179. ಕೂಡಿದರೆ 0.000925. ಇದರ ವರ್ಗಮೂಲ 0.0304. ಅದರ ಸೈನ್ ವಿಲೋಮವನ್ನು ರೇಡಿಯನ್‌ನಲ್ಲಿ ತೆಗೆದು ಎರಡರಿಂದ ಗುಣಿಸಿದರೆ 0.0608. ಭೂಮಿಯ ತ್ರಿಜ್ಯ 6,371 ಕಿ.ಮೀ. ಇದರಿಂದ ಗುಣಿಸಿ. ನಡುವೆ ಅಂಕಿಗಳನ್ನು ಮೊಟಕು ಮಾಡದಿದ್ದರೆ 387.6 ಬರುತ್ತದೆ, ಅಂದರೆ 388 ಕಿ.ಮೀ. ಮೊದಲ ಉತ್ತರ ಸಿಕ್ಕಿತು.

ಇಷ್ಟು ಸಣ್ಣ ದೂರಕ್ಕೆ ಹಾವರ್‌ಸೈನ್ ಬೇಕಿತ್ತಾ? ನಿಜ ಹೇಳಬೇಕೆಂದರೆ ಬೇಕಿರಲಿಲ್ಲ. ಒಂದು ಡಿಗ್ರಿ ಅಕ್ಷಾಂಶ ಸುಮಾರು 111.2 ಕಿ.ಮೀ. ಹಾಗಾಗಿ ಉತ್ತರ–ದಕ್ಷಿಣವಾಗಿ 3.13 × 111.2 = 348 ಕಿ.ಮೀ. ರೇಖಾಂಶದ ಗೆರೆಗಳು ಧ್ರುವದ ಕಡೆಗೆ ಹೋಗುತ್ತ ಹತ್ತಿರವಾಗುವುದರಿಂದ ಅಲ್ಲಿ ನಡುವಿನ ಅಕ್ಷಾಂಶದ ಕಾಸ್‌ನಿಂದ ಗುಣಿಸಬೇಕು: 1.58 × 111.2 × ಕಾಸ್(13.8°) = 171 ಕಿ.ಮೀ. ಆಮೇಲೆ ಹೈಸ್ಕೂಲಿನ ಪೈಥಾಗೊರಸ್. ಉತ್ತರ ಮತ್ತೆ 388. ಆ ಕಾಸ್ ಅನ್ನೇ ಮರೆತುಬಿಟ್ಟರೂ ನಮ್ಮ ಅಕ್ಷಾಂಶದಲ್ಲಿ ತಪ್ಪು ಎರಡು ಕಿಲೋಮೀಟರು ಅಷ್ಟೇ, ಏಕೆಂದರೆ ನಾವು ಭೂಮಧ್ಯರೇಖೆಗೆ ಹತ್ತಿರ ಇದ್ದೇವೆ. ಸ್ಕಾಟ್ಲೆಂಡಿನಲ್ಲಿ ಕೂತು ಹೀಗೆ ಮರೆತರೆ ಪೂರ್ವ–ಪಶ್ಚಿಮದ ದೂರ ಹೆಚ್ಚೂಕಡಿಮೆ ದುಪ್ಪಟ್ಟಾಗಿಬಿಡುತ್ತದೆ.

ಭೂಮಿ ಪಕ್ಕಾ ಗೋಳವಲ್ಲ, ಧ್ರುವಗಳಲ್ಲಿ ಸ್ವಲ್ಪ ಚಪ್ಪಟೆ. ಅದನ್ನೂ ಲೆಕ್ಕಕ್ಕೆ ತೆಗೆದುಕೊಂಡರೆ ಈ ಜೋಡಿಗೆ ಒಂದೂವರೆ ಕಿ.ಮೀ.ನಷ್ಟು ಕಡಿಮೆಯಾಗುತ್ತದೆ. ಇನ್ನೊಂದು ಪ್ರಶ್ನೆ ಕ್ಲಾಸಿನಲ್ಲಿ ಯಾರಾದರೂ ಕೇಳಿಯೇ ಕೇಳುತ್ತಾರೆ: ವಿಮಾನ ಮೇಲಕ್ಕೆ ಹೋದಾಗ ವೃತ್ತ ದೊಡ್ಡದಾಗುತ್ತೆ, ದೂರಾನೂ ಜಾಸ್ತಿ ಆಗಲ್ವಾ? ಆಗುತ್ತದೆ. ಎಷ್ಟು ಅಂತ ನೋಡಿ: 18,000 ಅಡಿ ಅಂದರೆ 5.5 ಕಿ.ಮೀ. 5.5 ಅನ್ನು 6,371ರಿಂದ ಭಾಗಿಸಿ 388ರಿಂದ ಗುಣಿಸಿದರೆ ಒಂದು ಕಿಲೋಮೀಟರಿನ ಮೂರನೇ ಒಂದು ಪಾಲು. ಓರೆಯಾಗಿ ಏರುವುದರಿಂದ ಸೇರುವುದು ಇನ್ನೂ ಕಡಿಮೆ, ನೂರಿನ್ನೂರು ಮೀಟರು. ಇವೆಲ್ಲ ಕೇಳಲು ಚೆಂದದ ಪ್ರಶ್ನೆಗಳು, ಆದರೆ ಗಡಿಯಾರದಲ್ಲಿ ಕಾಣುವುದಿಲ್ಲ. ಗಡಿಯಾರದಲ್ಲಿ ಕಾಣುವ ವಿಷಯಗಳು ಬೇರೆಯೇ ಇವೆ.

ಅಲ್ಲಿಗೆ ಹೋಗುವ ಮೊದಲು ಘಟಕ ಬದಲಿಸಿಕೊಳ್ಳೋಣ. ವೈಮಾನಿಕರು ಕಿಲೋಮೀಟರಿನಲ್ಲಿ ಮಾತಾಡುವುದಿಲ್ಲ, ನಾಟಿಕಲ್ ಮೈಲಿಯಲ್ಲಿ ಮಾತಾಡುತ್ತಾರೆ. ಒಂದು ನಾಟಿಕಲ್ ಮೈಲಿ 1.852 ಕಿ.ಮೀ. ಈ ವಿಚಿತ್ರ ಸಂಖ್ಯೆಯ ಹಿಂದೆ ಒಂದು ಸರಳ ವಿಷಯವಿದೆ: ಅಕ್ಷಾಂಶದ ಒಂದು ಡಿಗ್ರಿಯನ್ನು 60 ಭಾಗ ಮಾಡಿದರೆ ಒಂದು ಭಾಗದ ಉದ್ದ ಹೆಚ್ಚೂಕಡಿಮೆ ಇಷ್ಟೇ. ನಕ್ಷೆಯ ಅಂಚಿನ ಅಳತೆಯೇ ಸ್ಕೇಲು. ಗಂಟೆಗೆ ಒಂದು ನಾಟಿಕಲ್ ಮೈಲಿ ಅಂದರೆ ಒಂದು ನಾಟ್. ನಮ್ಮ ದೂರ 209 ನಾಟಿಕಲ್ ಮೈಲಿ.

ಸಮಯದ ಲೆಕ್ಕ

ಅಂತರ್ಜಾಲದ ಪುಟಗಳಲ್ಲಿ ಹಲವು ಬಳಸುವ ಸೂತ್ರ ಬಹಳ ಸರಳ. ಗಂಟೆಗೆ 500 ಮೈಲಿ, ಅಂದರೆ 805 ಕಿ.ಮೀ. ವೇಗದಿಂದ ದೂರವನ್ನು ಭಾಗಿಸು. ಏರಲು ಇಳಿಯಲು ಅಂತ 30 ನಿಮಿಷ ಸೇರಿಸು. 388 ÷ 805 ಅಂದರೆ 29 ನಿಮಿಷ. 30 ಸೇರಿಸಿದರೆ 59. ನಮ್ಮ 'ಸುಮಾರು ಒಂದು ಗಂಟೆ' ಬಂದದ್ದು ಹೀಗೆ.

ಆದರೆ ಮೈಸೂರಿಗೆ ಗಂಟೆಗೆ 805 ಕಿ.ಮೀ. ವೇಗದ ಪ್ರಯಾಣಿಕ ಜೆಟ್ ಬರುವುದು ಕಷ್ಟ. ಅಲ್ಲಿನ ರನ್‌ವೇ 1,740 ಮೀಟರ್ ಉದ್ದ. ಏರ್‌ಬಸ್ 320 ಅಥವಾ ಬೋಯಿಂಗ್ 737 ತುಂಬಿಕೊಂಡು ಏರಲು ಇದು ಸಾಲದು. ಊರು ಸಮುದ್ರಮಟ್ಟದಿಂದ ಎರಡು ಸಾವಿರ ಅಡಿಗಿಂತ ಎತ್ತರದಲ್ಲಿರುವುದರಿಂದ ಗಾಳಿ ತೆಳು, ಬೇಸಿಗೆಯಲ್ಲಿ ಇನ್ನೂ ತೆಳು. ರೆಕ್ಕೆಗೆ ಅದೇ ಎತ್ತುವಿಕೆ ಬೇಕೆಂದರೆ ಹೆಚ್ಚು ವೇಗ, ಹೆಚ್ಚು ಓಟ ಬೇಕು. ಅಲ್ಲಿ ಇಳಿಯುವುದು ಎಟಿಆರ್ 72, ರೆಕ್ಕೆಯ ಮೇಲೆ ಎರಡು ಪ್ರೊಪೆಲ್ಲರ್ ತಿರುಗುವ, ಎಪ್ಪತ್ತು ಚಿಲ್ಲರೆ ಸೀಟಿನ ವಿಮಾನ. ಅದರ ಕ್ರೂಸ್ ವೇಗ ಸುಮಾರು 270 ನಾಟ್, ಗಂಟೆಗೆ 500 ಕಿ.ಮೀ.

ಹಾಗಾದರೆ 209 ÷ 270, ಅಂದರೆ 46 ನಿಮಿಷ. ಇಷ್ಟೇನಾ? ಇಷ್ಟೇ ಆಗಬೇಕಾದರೆ ವಿಮಾನ ಹುಬ್ಬಳ್ಳಿಯ ಮೇಲೆ 18,000 ಅಡಿಯಲ್ಲಿ ಹುಟ್ಟಿ ಮೈಸೂರಿನ ಮೇಲೆ ಅದೇ ಎತ್ತರದಲ್ಲಿ ಮಾಯವಾಗಬೇಕು. ಹಾಗಾಗಲ್ಲವಲ್ಲ, ಆದ್ದರಿಂದ ಹಾರಾಟವನ್ನು ತುಂಡು ಮಾಡಿ ನೋಡೋಣ. ಮುಂದಿನವು ನಾನು ಇಟ್ಟುಕೊಂಡಿರುವ ದುಂಡು ಅಂದಾಜುಗಳು. ಭಾರ, ಬಿಸಿಲು ನೋಡಿಕೊಂಡು ನೀವು ಬದಲಿಸಬಹುದು.

ಏರುವುದು: ನೆಲದಿಂದ 18,000 ಅಡಿಗೆ ಹೋಗಲು ಸುಮಾರು 16,000 ಅಡಿ ಏರಬೇಕು. ನಿಮಿಷಕ್ಕೆ ಸರಾಸರಿ 1,000 ಅಡಿ ಎಂದರೆ 16 ನಿಮಿಷ. ಏರುವಾಗ ಮುಂದಕ್ಕೆ ಹೋಗುವ ವೇಗ ಸರಾಸರಿ 210 ನಾಟ್. ಅಷ್ಟರಲ್ಲಿ 56 ನಾಟಿಕಲ್ ಮೈಲಿ ಸಾಗಿರುತ್ತೇವೆ. ಇಳಿಯುವುದು: ನಿಮಿಷಕ್ಕೆ 1,500 ಅಡಿಯಂತೆ 11 ನಿಮಿಷ, ಸರಾಸರಿ 240 ನಾಟ್, 44 ಮೈಲಿ. ಎರಡೂ ಸೇರಿ ಸರಿಯಾಗಿ 100 ಮೈಲಿ. ಗಮನಿಸಿ, ಅರ್ಧ ದಾರಿ ಏರಿಳಿತದಲ್ಲೇ ಮುಗಿಯಿತು. ಉಳಿದ 109 ಮೈಲಿಗೆ 270 ನಾಟ್‌ನಲ್ಲಿ 24 ನಿಮಿಷ. ಒಟ್ಟು 51.

ಇನ್ನೂ ರನ್‌ವೇ ಸಿಕ್ಕಿಲ್ಲ. ಹುಬ್ಬಳ್ಳಿಯಿಂದ ಮೈಸೂರಿನ ದಿಕ್ಕು ಉತ್ತರದಿಂದ ಪ್ರದಕ್ಷಿಣವಾಗಿ ಅಳೆದರೆ ಸುಮಾರು 154 ಡಿಗ್ರಿ, ಅಂದರೆ ದಕ್ಷಿಣ–ಆಗ್ನೇಯ. ಎರಡೂ ಕಡೆಯ ರನ್‌ವೇಗಳು ಮಾತ್ರ ಮಲಗಿರುವುದು ಪೂರ್ವ–ಪಶ್ಚಿಮವಾಗಿ. ವಿಮಾನ ಏರುವುದೂ ಇಳಿಯುವುದೂ ಗಾಳಿಗೆ ಎದುರಾಗಿ. ಮುಂಗಾರಿನಲ್ಲಿ ಗಾಳಿ ಬರುವುದು ಪಶ್ಚಿಮದಿಂದ. ಹಾಗಾಗಿ ಹುಬ್ಬಳ್ಳಿಯಿಂದ ಹೊರಟವರು ಮೊದಲು ಗೋವಾ ಕಡೆಗೆ ಮುಖ ಮಾಡಿ ಏರಿ, ಆಮೇಲೆ ಎಡಕ್ಕೆ ತಿರುಗಬೇಕು. ಮೈಸೂರಲ್ಲಿ ಇಳಿಯುವಾಗ ನಿಲ್ದಾಣದ ಪೂರ್ವಕ್ಕೆ ಹೋಗಿ, ತಿರುಗಿ, ಪಶ್ಚಿಮಕ್ಕೆ ಮುಖ ಮಾಡಿ ಬರಬೇಕು. ನಕ್ಷೆಯ ನೇರಗೆರೆಯಲ್ಲಿ ಈ ಸುತ್ತು ಎಲ್ಲೂ ಇಲ್ಲ. ಇದಕ್ಕೆ 6 ನಿಮಿಷ ಇಡೋಣ.

ಆಮೇಲೆ ನೆಲದ ಮೇಲಿನ ಓಡಾಟ. ಹಲವು ಸಣ್ಣ ನಿಲ್ದಾಣಗಳಲ್ಲಿ ರನ್‌ವೇಗೆ ಸಮಾನಾಂತರವಾದ ಟ್ಯಾಕ್ಸಿವೇ ಇರುವುದಿಲ್ಲ. ವಿಮಾನ ರನ್‌ವೇ ಮೇಲೆಯೇ ಒಂದು ತುದಿಯವರೆಗೆ ತೆವಳಿಕೊಂಡು ಹೋಗಿ, ಯೂ–ಟರ್ನ್ ಹೊಡೆದು, ಅಲ್ಲಿಂದ ಓಡಬೇಕು. ನಮ್ಮೂರ ಬಸ್ ನಿಲ್ದಾಣದಲ್ಲಿ ಬಸ್ಸು ಹಿಂದಕ್ಕೆ ತೆಗೆಯುವ ಹಾಗೆ. ಹೊರಡಲು 8 ನಿಮಿಷ, ತಲುಪಿದ ಮೇಲೆ 4 ನಿಮಿಷ. ಒಟ್ಟು 51 + 6 + 12 = 69.

ಟಿಕೆಟ್ಟಿನ ಮೇಲೆ ಇರುವುದು ಈ ಬಗೆಯ ಸಮಯವೇ. ವಿಮಾನಯಾನದಲ್ಲಿ ಇದನ್ನು ಬ್ಲಾಕ್ ಟೈಮ್ ಎನ್ನುತ್ತಾರೆ: ವಿಮಾನ ನಿಂತ ಜಾಗದಿಂದ ಅಲುಗಿದ ಕ್ಷಣದಿಂದ ಇನ್ನೊಂದು ಊರಲ್ಲಿ ನಿಂತು ಚಕ್ರಕ್ಕೆ ಅಡ್ಡಗಟ್ಟೆ ಕೊಡುವ ಕ್ಷಣದವರೆಗೆ. ಕಂಪನಿಗಳು ಇದರ ಮೇಲೆ ಇನ್ನೂ ಕೆಲವು ನಿಮಿಷ ಸೇರಿಸುವುದೂ ಉಂಟು, ಏಕೆಂದರೆ 15 ನಿಮಿಷದೊಳಗೆ ತಲುಪಿದರೆ 'ಸಮಯಕ್ಕೆ ಸರಿಯಾಗಿ' ಎಂಬ ಲೆಕ್ಕ. 'ಹತ್ತು ನಿಮಿಷ ಮೊದಲೇ ತಲುಪಿದ್ದೇವೆ' ಎಂದು ಘೋಷಿಸಿದಾಗ ಚಪ್ಪಾಳೆ ಹೊಡೆಯುವ ಮೊದಲು ಇದನ್ನು ನೆನಪಿಸಿಕೊಳ್ಳಿ.

ಅಂತರ್ಜಾಲದ ಪುಟ 59 ಅಂದಿತ್ತು, ನಮ್ಮದು 69. ಬಹಳ ದೂರವೇನಿಲ್ಲ. ಆದರೆ ಅದು ಹತ್ತಿರ ಬಂದದ್ದು ಎರಡು ತಪ್ಪುಗಳು ಒಂದನ್ನೊಂದು ತಿಂದುಕೊಂಡಿದ್ದರಿಂದ: ವೇಗ ವಿಪರೀತ ಹೆಚ್ಚು, ಅದರ ಮೇಲೆ ಜೆಟ್ಟಿಗೆ ಹೊಂದುವಂಥ ದಪ್ಪ ಸ್ಥಿರಾಂಕ. ಲ್ಯಾಬಿನಲ್ಲಿ ರೀಡಿಂಗ್ ಸರಿ ಬಂದಿದೆ ಅಂತ ಸರ್ಕ್ಯೂಟ್ ಸರಿ ಇದೆ ಅನ್ನೋಕಾಗಲ್ಲ, ಅಲ್ವಾ?

ಗಾಳಿ

ಇದುವರೆಗೆ ಗಾಳಿಯನ್ನು ಸುಮ್ಮನೆ ಬಿಟ್ಟಿದ್ದೆವು. ಮೇಲೆ ಪಶ್ಚಿಮದಿಂದ 30 ನಾಟ್ ಗಾಳಿ ಬೀಸುತ್ತಿದೆ ಎಂದುಕೊಳ್ಳಿ. ಅದು ತಳ್ಳುವುದು ಪೂರ್ವಕ್ಕೆ. ನಾವು ಹೊರಟಿರುವುದು 154 ಡಿಗ್ರಿಗೆ. ನಡುವಿನ ಕೋನ 64 ಡಿಗ್ರಿ. ಗಾಳಿಯ ವೆಕ್ಟರನ್ನು ಒಡೆದರೆ ಹಿಂದಿನಿಂದ ತಳ್ಳುವ ಭಾಗ 30 × ಕಾಸ್(64°) = 13 ನಾಟ್, ಪಕ್ಕದಿಂದ ದೂಡುವ ಭಾಗ 30 × ಸೈನ್(64°) = 27 ನಾಟ್. ದಾರಿ ತಪ್ಪದಿರಬೇಕಾದರೆ ಪೈಲಟ್ ಮೂತಿಯನ್ನು ಗಾಳಿಯ ಕಡೆಗೆ, ಇಲ್ಲಿ ಬಲಕ್ಕೆ, ಸುಮಾರು 6 ಡಿಗ್ರಿ ತಿರುಗಿಸಿಟ್ಟುಕೊಳ್ಳಬೇಕು. ತುಂಬಿದ ಹೊಳೆಯಲ್ಲಿ ದೋಣಿ ದಾಟಿಸುವವರು ಮಾಡುವುದೂ ಇದನ್ನೇ. ಹೀಗೆ ಓರೆಯಾಗಿ ಹೋಗುವಾಗ 270ರಲ್ಲಿ ದಾರಿಯುದ್ದಕ್ಕೆ ಸಿಗುವುದು 269. ಅದಕ್ಕೆ 13 ಸೇರಿ ನೆಲದ ಮೇಲಿನ ವೇಗ 282 ನಾಟ್. ವಾಪಸ್ ಬರುವಾಗ 269ರಲ್ಲಿ 13 ಕಳೆದು ಸುಮಾರು 255.

ಇಡೀ 209 ಮೈಲಿಗೆ ಇದೇ ಗಾಳಿ ಎಂದು ಲೆಕ್ಕ ಹಾಕಿದರೆ ಹೋಗಲು 44.5 ನಿಮಿಷ, ಬರಲು 49.2. ಎರಡೂ ಸೇರಿ 93.7. ಗಾಳಿಯೇ ಇಲ್ಲದಿದ್ದರೆ 92.9. ಹೋಗುವಾಗ ಗಳಿಸಿದ್ದನ್ನು ಬರುವಾಗ ಕೊಟ್ಟು ಮೇಲೆ ಸ್ವಲ್ಪ ಕೈಯಿಂದಲೂ ಹಾಕಬೇಕು. ಯಾಕೆ? ಎದುರುಗಾಳಿಯಲ್ಲಿ ವಿಮಾನ ಹೆಚ್ಚು ಹೊತ್ತು ಇರುತ್ತದೆ, ಹಾಗಾಗಿ ನಷ್ಟ ಮಾಡುವ ಗಾಳಿ ಕೆಲಸ ಮಾಡಲು ಹೆಚ್ಚು ಹೊತ್ತು ಸಿಗುತ್ತದೆ. ನದಿಯಲ್ಲಿ ದೋಣಿ ಹೋಗಿಬರುವ ಪಿಯುಸಿ ಲೆಕ್ಕದ ಉತ್ತರವೂ ಇದೇ ಆಗಿತ್ತು.

ಇಳಿಜಾರಲ್ಲ, ಸ್ಥಿರಾಂಕ

ಈಗ ಎಲ್ಲವನ್ನೂ ಒಂದು ಸರಳರೇಖೆಗೆ ಇಳಿಸೋಣ. ಸಮಯ = ಸ್ಥಿರಾಂಕ + ದೂರ ÷ ವೇಗ. ಎಟಿಆರ್‌ಗೆ ದೂರ ÷ ವೇಗ 46 ನಿಮಿಷ ಆಗಿತ್ತು, ಒಟ್ಟು 69. ಆದ್ದರಿಂದ ಸ್ಥಿರಾಂಕ 23 ನಿಮಿಷ. ಎಷ್ಟೇ ಹತ್ತಿರ ಹೋದರೂ ಕೊಡಲೇಬೇಕಾದ ಸಮಯವಿದು, ಆಟೋದ ಮಿನಿಮಮ್ ಚಾರ್ಜ್ ಇದ್ದ ಹಾಗೆ.

ಇದರ ಪರಿಣಾಮ ಸರಾಸರಿ ವೇಗದಲ್ಲಿ ಕಾಣುತ್ತದೆ. ಬೆಂಗಳೂರು–ದಿಲ್ಲಿ ಸುಮಾರು 1,700 ಕಿ.ಮೀ.; ಜೆಟ್‌ಗೆ ಎರಡೂಮುಕ್ಕಾಲು ಗಂಟೆ ಹಿಡಿದರೆ ಸರಾಸರಿ ಗಂಟೆಗೆ 620. ಹುಬ್ಬಳ್ಳಿ–ಮೈಸೂರು 388 ಕಿ.ಮೀ.ಗೆ 69 ನಿಮಿಷ: ಗಂಟೆಗೆ 337. ಇನ್ನೊಂದು ತುದಿಯ ಉದಾಹರಣೆ ಸ್ಕಾಟ್ಲೆಂಡಿನ ಆರ್ಕ್ನಿ ದ್ವೀಪಗಳಲ್ಲಿದೆ. ವೆಸ್ಟ್ರೇ ಮತ್ತು ಪಾಪಾ ವೆಸ್ಟ್ರೇ ಎಂಬ ಎರಡು ದ್ವೀಪಗಳ ನಡುವೆ ಲೋಗನ್‌ಏರ್ ಕಂಪನಿ 1967ರಿಂದ ವಿಮಾನ ಓಡಿಸುತ್ತಿದೆ. ದೂರ 2.7 ಕಿ.ಮೀ., ವೇಳಾಪಟ್ಟಿಯಲ್ಲಿ 2 ನಿಮಿಷ. ಜಗತ್ತಿನ ಅತಿ ಚಿಕ್ಕ ನಿಗದಿತ ವಿಮಾನಯಾನ ಇದು. ಒಮ್ಮೆ 53 ಸೆಕೆಂಡಿನಲ್ಲೂ ಮುಗಿದಿದೆ. ವೇಳಾಪಟ್ಟಿಯ ಪ್ರಕಾರ ಸರಾಸರಿ ವೇಗ ಗಂಟೆಗೆ 81 ಕಿ.ಮೀ. ನಮ್ಮ ಎಕ್ಸ್‌ಪ್ರೆಸ್ ರೈಲು ಹಿಂದೆ ಹಾಕುತ್ತದೆ. ಆದರೆ ಅಲ್ಲಿ ನಡುವೆ ಸಮುದ್ರವಿದೆ, ರೈಲಿಲ್ಲ. ನಮ್ಮಲ್ಲಿ ನಡುವೆ ರಸ್ತೆಯೂ ಇದೆ, ರೈಲೂ ಇದೆ. ಪ್ರಾದೇಶಿಕ ವಿಮಾನಗಳ ಕಷ್ಟ ಶುರುವಾಗುವುದು ಇಲ್ಲೇ.

ಮನೆ ಬಾಗಿಲಿನಿಂದ ಮನೆ ಬಾಗಿಲಿಗೆ ಲೆಕ್ಕ ಹಾಕಿ. ನಿಲ್ದಾಣಕ್ಕೆ ಹೋಗಲು 30 ನಿಮಿಷ, ಒಂದೂವರೆ ಗಂಟೆ ಮೊದಲೇ ಹಾಜರಿರಬೇಕು ಅಂತ 90, ಇಳಿದು ಬ್ಯಾಗಿಗೆ ಕಾಯಲು 20, ಊರೊಳಗೆ ಹೋಗಲು 30. ಒಟ್ಟು 170. ಬ್ಲಾಕ್ ಟೈಮಿನೊಳಗಿನ 23 ಸೇರಿದರೆ ಸ್ಥಿರಾಂಕ 193 ನಿಮಿಷ. ಆಮೇಲೆ ಪ್ರತಿ ಕಿಲೋಮೀಟರಿಗೆ 0.12 ನಿಮಿಷ. ರಸ್ತೆಗೆ ಸ್ಥಿರಾಂಕ ಬಹುತೇಕ ಸೊನ್ನೆ. ರಸ್ತೆ ನೇರಗೆರೆಗಿಂತ ಐದನೇ ಒಂದು ಪಾಲು ಉದ್ದ, ಸರಾಸರಿ ವೇಗ ಗಂಟೆಗೆ 60 ಎಂದರೆ ನೇರ ದೂರದ ಪ್ರತಿ ಕಿಲೋಮೀಟರಿಗೆ 1.2 ನಿಮಿಷ. ಘಾಟಿಯಿದ್ದರೆ ಇನ್ನೂ ಹೆಚ್ಚು, ಬಯಲಾದರೆ ಕಡಿಮೆ. ಎರಡು ರೇಖೆಗಳು ಕೂಡುವುದು ಎಲ್ಲಿ? 193 ÷ (1.2 − 0.12) = 179 ಕಿ.ಮೀ.

ಹುಬ್ಬಳ್ಳಿ–ಮೈಸೂರು ಇದಕ್ಕಿಂತ ಸಾಕಷ್ಟು ಆಚೆ ಇದೆ. ವಿಮಾನದಲ್ಲಿ ಒಟ್ಟು ನಾಲ್ಕು ಗಂಟೆ, ನೆಲದ ಮೇಲೆ ಒಂದು ರಾತ್ರಿ. ರಾತ್ರಿ ನಿದ್ದೆಯನ್ನು ಸಮಯ ಅಂತ ಲೆಕ್ಕ ಹಾಕಬೇಕಾ ಎನ್ನುವುದು ಬೇರೆ ಚರ್ಚೆ, ಹಾಸ್ಟೆಲಿನವರು ಹಾಕುವುದಿಲ್ಲ. ಮೈಸೂರು–ಬೆಂಗಳೂರು ನೋಡಿ. ಮಂಡಕಳ್ಳಿಯಿಂದ ದೇವನಹಳ್ಳಿಯ ಕೆಂಪೇಗೌಡ ನಿಲ್ದಾಣಕ್ಕೆ ನೇರಗೆರೆಯಲ್ಲಿ 157 ಕಿ.ಮೀ. ಮೈಸೂರಿನಿಂದ ಬೆಂಗಳೂರು ನಗರಕ್ಕೆ ರೈಲು ಹಳಿಯ ಉದ್ದವೇ ಸುಮಾರು 140! ನಿಲ್ದಾಣ ಊರಿನ ಉತ್ತರಕ್ಕೆ ಇರುವುದರಿಂದ ವಿಮಾನ ಊರು ದಾಟಿ ಹೋಗಬೇಕು, ನಾವು ಮತ್ತೆ ಹಿಂದಕ್ಕೆ ಬರಬೇಕು. ಶತಾಬ್ದಿ ರೈಲು ಸುಮಾರು ಎರಡು ಗಂಟೆಯಲ್ಲಿ ತಲುಪಿಸುತ್ತದೆ. ಬೆಂಗಳೂರಿನಲ್ಲಿ ವಿಮಾನ ಬದಲಿಸಿ ಮುಂದೆ ಹೋಗುವವರನ್ನು ಬಿಟ್ಟರೆ ಈ ಮಾರ್ಗದಲ್ಲಿ ವಿಮಾನ ಹತ್ತಲು ಕಾರಣವೇ ಇಲ್ಲ.

ಇಲ್ಲಿ ದುಡ್ಡಿನ ಪ್ರಶ್ನೆಯೂ ಇದೆ. ಕೇಂದ್ರ ಸರ್ಕಾರ 2016ರಲ್ಲಿ ಉಡಾನ್ ಯೋಜನೆ ತಂದಾಗ ಸುಮಾರು 500 ಕಿ.ಮೀ.ನ ಒಂದು ಗಂಟೆಯ ಹಾರಾಟಕ್ಕೆ, ಯೋಜನೆಯ ಸೀಟುಗಳಿಗೆ 2,500 ರೂಪಾಯಿಯ ಮಿತಿ ಹಾಕಿತು. ಕಂಪನಿಗೆ ಆಗುವ ಕೊರತೆಯನ್ನು ಮೂರು ವರ್ಷ ತುಂಬಿಕೊಡುವ ಏರ್ಪಾಡು. ಅದು ಮುಗಿದ ಮೇಲೆ ಮಾರ್ಗ ತನ್ನ ಕಾಲ ಮೇಲೆ ನಿಲ್ಲಬೇಕು. ಯಾವುದು ನಿಲ್ಲುತ್ತದೆ, ಯಾವುದು ಬೀಳುತ್ತದೆ ಎನ್ನುವುದರಲ್ಲಿ ಆ ಛೇದನ ಬಿಂದುವಿಗೆ ದೊಡ್ಡ ಪಾತ್ರವಿದೆ. ಅದು ನಿಂತಲ್ಲೇ ನಿಲ್ಲುವುದೂ ಇಲ್ಲ. ರಸ್ತೆಯ ಸರಾಸರಿ ವೇಗ 60ರಿಂದ 80ಕ್ಕೆ ಏರಿದರೆ 179 ಹೋಗಿ 247 ಕಿ.ಮೀ. ಆಗುತ್ತದೆ. 2023ರ ಮಾರ್ಚಿನಲ್ಲಿ ಬೆಂಗಳೂರು–ಮೈಸೂರು ದಶಪಥ ಹೆದ್ದಾರಿ ಉದ್ಘಾಟನೆಯಾಯಿತಲ್ಲ, ಅಂಥ ಪ್ರತಿ ರಸ್ತೆಯೂ ಸಣ್ಣ ವಿಮಾನ ಮಾರ್ಗಗಳನ್ನು ಅಷ್ಟಷ್ಟೇ ಹಿಂದಕ್ಕೆ ದೂಡುತ್ತದೆ.

ಮೈಸೂರಿನ ರನ್‌ವೇ ಉದ್ದ ಮಾಡಬೇಕು ಎನ್ನುವ ಬೇಡಿಕೆ ಹಳೆಯದು. ಪಕ್ಕದಲ್ಲೇ ನಂಜನಗೂಡು ರಸ್ತೆ, ರೈಲು ಹಳಿ ಇರುವುದರಿಂದ ಕೆಲಸ ಸುಲಭದ್ದಲ್ಲ. 'ಜೆಟ್ ಬಂದರೆ ಬೇಗ ಹೋಗಬಹುದು' ಎನ್ನುವ ವಾದ ಹುಬ್ಬಳ್ಳಿಯಂಥ ದೂರಕ್ಕೆ ಅಷ್ಟಾಗಿ ನಡೆಯದು ಎಂಬುದು ನನ್ನ ಅಭಿಪ್ರಾಯ. ಮೇಲಿನ ಹಾಗೇ ಜೆಟ್ಟಿಗೂ ತುಂಡು ತುಂಡಾಗಿ ಲೆಕ್ಕ ಹಾಕಿ ನೋಡಿದೆ. ಉಳಿಯುವುದು ಹನ್ನೆರಡು–ಹದಿಮೂರು ನಿಮಿಷ. ಅದು ತನ್ನ ಎತ್ತರ ಮುಟ್ಟಿ ವೇಗ ಹಿಡಿಯುವ ಹೊತ್ತಿಗೆ ಇಳಿಯುವ ಸಮಯ ಬಂದಿರುತ್ತದೆ. ನಾಲ್ಕು ಗಂಟೆಯಲ್ಲಿ ಹದಿಮೂರು ನಿಮಿಷಕ್ಕಾಗಿ ಯಾರೂ ರನ್‌ವೇ ಕಟ್ಟಬೇಕಿಲ್ಲ. ಕಟ್ಟುವುದಾದರೆ ದಿಲ್ಲಿ, ಮುಂಬಯಿಗೆ ನೇರವಾಗಿ ಹಾರುವುದಕ್ಕೆ ಕಟ್ಟಲಿ. ಅಲ್ಲಿ ವೇಗಕ್ಕೆ ಬೆಲೆಯಿದೆ. ಹುಬ್ಬಳ್ಳಿಗೆ ಹೋಗುವವರಿಗೆ ಬೇಕಿರುವುದು ಆ ತೊಂಬತ್ತು ನಿಮಿಷದ ಕಾಯುವಿಕೆಯನ್ನು ನಲವತ್ತಕ್ಕೆ ಇಳಿಸುವ ವ್ಯವಸ್ಥೆ. ಎಪ್ಪತ್ತು ಜನರ ವಿಮಾನಕ್ಕೆ ದೊಡ್ಡ ನಿಲ್ದಾಣದಷ್ಟೇ ಮೊದಲು ಬಂದು ಕೂರಬೇಕೆನ್ನುವುದರಲ್ಲಿ ಎಂಜಿನಿಯರಿಂಗ್ ಕಾರಣವೇನೂ ಕಾಣದು. ಇಳಿಸಿ ನೋಡಿ, ಛೇದನ ಬಿಂದು 179ರಿಂದ ಸುಮಾರು 132ಕ್ಕೆ ಬರುತ್ತದೆ.

ಕೊನೆಗೆ ನಿಮಗೊಂದು ಲೆಕ್ಕ. ಬೆಳಗಾವಿ 15.86 ಉತ್ತರ, 74.62 ಪೂರ್ವ. ಕಲಬುರಗಿ 17.31 ಉತ್ತರ, 76.96 ಪೂರ್ವ. ದೂರ 297 ಕಿ.ಮೀ. ಆಸುಪಾಸು ಬರಬೇಕು. ದಿಕ್ಕು ಸುಮಾರು 57 ಡಿಗ್ರಿ, ಆದ್ದರಿಂದ ಅದೇ ಪಶ್ಚಿಮದ 30 ನಾಟ್ ಗಾಳಿ ಇಲ್ಲಿ ಪಕ್ಕದಿಂದ ದೂಡುವುದಕ್ಕಿಂತ ಹಿಂದಿನಿಂದ ತಳ್ಳುವುದೇ ಹೆಚ್ಚು, 25 ನಾಟ್‌ನಷ್ಟು. ಹೋಗುವ ಸಮಯ, ಬರುವ ಸಮಯ ಎರಡನ್ನೂ ಬೇರೆಬೇರೆಯಾಗಿ ತೆಗೆಯಿರಿ; ವ್ಯತ್ಯಾಸ ಹುಬ್ಬಳ್ಳಿ–ಮೈಸೂರಿಗಿಂತ ದೊಡ್ಡದಾಗಿ ಬಂದರೆ ಸರಿಯಾದ ದಾರಿಯಲ್ಲಿದ್ದೀರಿ.